ಗೊರಕೆ ಅಂದುಕೊಂಡ ಸದ್ದು: ನಾಲೆ ಏರಿಯ ಮೇಲೆ 24 ನಿಮಿಷ

ಡಿಸೆಂಬರ್ ತಿಂಗಳ ಒಂದು ಸಂಜೆ, 7 ಗಂಟೆ 40 ನಿಮಿಷದ ಹೊತ್ತು. ಮಂಡ್ಯ ಜಿಲ್ಲೆಯ ಒಂದು ನಾಲೆ ಏರಿ ರಸ್ತೆಯಲ್ಲಿ ಬೈಕೊಂದು ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂಬದಿಗೆ ಗುದ್ದಿತು. ಮಗ ಬೈಕ್ ಓಡಿಸುತ್ತಿದ್ದ. ತಾಯಿ ಹಿಂದೆ ಕೂತಿದ್ದರು. 7 ಗಂಟೆ 47 ನಿಮಿಷಕ್ಕೆ ಪೊಲೀಸ್ ಜೀಪ್ ಬಂತು. ಆಂಬುಲೆನ್ಸ್ ಬಂದಾಗ 8 ಗಂಟೆ 11 ನಿಮಿಷ. ನಡುವಿನ 24 ನಿಮಿಷ ಆ ಇಬ್ಬರ ಜೀವ ಒಬ್ಬ ಹೆಡ್ ಕಾನ್‌ಸ್ಟೇಬಲ್ ಮತ್ತು ಒಬ್ಬ ಜೀಪ್ ಡ್ರೈವರ್ ಕೈಯಲ್ಲಿತ್ತು.

ಆ ಹೆಡ್ ಕಾನ್‌ಸ್ಟೇಬಲ್‌ಗೆ 26 ದಿನ ಮುಂಚೆ ಪ್ರಥಮ ಚಿಕಿತ್ಸೆ ಹೇಳಿಕೊಟ್ಟವಳು ನಾನು. 17 ವರ್ಷ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿದ್ದೆ. ಈಗ ಠಾಣೆಗಳಿಗೆ ಹೋಗಿ ಪೊಲೀಸರಿಗೆ ಇದನ್ನೇ ಕಲಿಸುತ್ತೇನೆ. ಅವರಲ್ಲಿ ಸುಮಾರು ಜನ ನನ್ನನ್ನು ಇನ್ನೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ಈ ಪ್ರಕರಣವನ್ನು ಬರೆಯಲು ಹೆಡ್ ಕಾನ್‌ಸ್ಟೇಬಲ್, ಡ್ರೈವರ್ ಇಬ್ಬರೂ ಒಪ್ಪಿದ್ದಾರೆ, ಗಾಯಾಳುಗಳ ಮನೆಯವರೂ ಒಪ್ಪಿದ್ದಾರೆ. ಯಾರ ಹೆಸರನ್ನೂ ಬರೆದಿಲ್ಲ, ಠಾಣೆಯ ಹೆಸರನ್ನೂ ಬರೆದಿಲ್ಲ. ಜಾಗದ ಒಂದೆರಡು ವಿವರ ಬದಲಿಸಿದ್ದೇನೆ. ಏನೇನು ಆಯಿತು ಅನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ನನ್ನ ತಪ್ಪೂ ಸೇರಿ.

ಜಾಗ ಮತ್ತು ಕಾಲ

ಮಂಡ್ಯ ಅಂದ ಕೂಡಲೇ ರಸ್ತೆ ಅಪಘಾತದ ಮಾತು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಕಡೆ ಹೋಗುತ್ತದೆ. 2023ರ ಮಾರ್ಚ್ 12ರಂದು ಅದು ಉದ್ಘಾಟನೆ ಆಯಿತು. ಸಾವುಗಳು ಜಾಸ್ತಿಯಾದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಅದರ ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಕ್ಯಾಮೆರಾ ಬಂತು, ವೇಗದ ಮಿತಿ ಬಂತು. ಒಳ್ಳೆಯದೇ ಆಯಿತು. ಆದರೆ ಊರಿಂದ ಊರಿಗೆ ಹೋಗುವ ನಾಲೆ ಏರಿ ರಸ್ತೆಗಳ ಕಡೆ ಯಾರೂ ಅಷ್ಟು ಕಣ್ಣು ಹಾಯಿಸಲಿಲ್ಲ. ಕಬ್ಬು ಕಟಾವಿನ ಹಂಗಾಮು ಬಂದರೆ ಈ ರಸ್ತೆಗಳಲ್ಲಿ ಸಂಜೆ ಹೊತ್ತು ಟ್ರ್ಯಾಕ್ಟರ್ ಸಾಲು. ಎಷ್ಟೋ ಟ್ರೇಲರ್‌ಗಳ ಹಿಂದೆ ಲೈಟ್ ಇರುವುದಿಲ್ಲ. ಅಂಟಿಸಿದ ರೇಡಿಯಂ ಕಬ್ಬಿನ ಸೋಗೆಯ ಹಿಂದೆ ಮುಚ್ಚಿಹೋಗಿರುತ್ತದೆ. ಎದುರಿಂದ ಒಂದು ಗಾಡಿಯ ಲೈಟ್ ಕಣ್ಣಿಗೆ ಬಿದ್ದರೆ ಸಾಕು, ಮುಂದಿರುವ ಟ್ರೇಲರ್ ಕಾಣುವುದೇ ಇಲ್ಲ. ಆ ಸಂಜೆ ಆದದ್ದೂ ಅದೇ.

ನಾಲೆ ಏರಿಯ ಭಯ ಈ ಕಡೆಯವರಿಗೆ ಹೊಸದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ನನ್ನ ತರಬೇತಿಗೆ ಬರುವವರಲ್ಲಿ ಆ ದಿನ ಅಲ್ಲಿ ಡ್ಯೂಟಿ ಮಾಡಿದವರು ಇರುತ್ತಾರೆ. ನೀರಲ್ಲಿ ಮುಳುಗಿದವರ ಪಾಠ ಬಂದಾಗ ಅವರು ಮಾತಾಡುವುದಿಲ್ಲ. ನಾನೂ ಕೆದಕಿ ಕೇಳುವುದಿಲ್ಲ.

ತರಬೇತಿ ಹೇಗಿತ್ತು

ಬೆಳಿಗ್ಗೆ 10ರಿಂದ ಮಧ್ಯಾಹ್ನ 2. ಒಟ್ಟು 28 ಜನ. ನಾಲ್ಕು ಗಂಟೆಯಲ್ಲಿ ಎರಡು ಗಂಟೆ ರಕ್ತಸ್ರಾವಕ್ಕೇ ಹೋಯಿತು. ಹಾಸಿಗೆಯ ಸ್ಪಂಜಿಗೆ ಆಳವಾಗಿ ತೂತು ಮಾಡಿ, ಒಳಗೆ ಡ್ರಿಪ್ ಪೈಪ್ ತೂರಿಸಿ, ಕುಂಕುಮ ಕಲಸಿದ ನೀರು ಬಿಟ್ಟಿದ್ದೆ. ಒಬ್ಬೊಬ್ಬರೂ ಬಂದು ತೂತಿನೊಳಗೆ ಬಟ್ಟೆ ತುಂಬಿ, ಮೊಣಕೈ ಬಗ್ಗಿಸದೆ ಮೈಭಾರ ಬಿಟ್ಟು ಒತ್ತಿ, ನೀರು ನಿಲ್ಲಿಸಬೇಕು. ಎಲ್ಲರಿಗೂ ಹುಮ್ಮಸ್ಸು. ಆಮೇಲೆ ಟೂರ್ನಿಕೆಟ್, ಅಂದರೆ ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ. ಗಾಯದಿಂದ ಮೂರು-ನಾಲ್ಕು ಬೆರಳಗಲ ಮೇಲೆ, ಕೀಲಿನ ಮೇಲೆ ಕಟ್ಟದೆ, ರಕ್ತ ಪೂರ್ತಿ ನಿಲ್ಲುವ ತನಕ ತಿರುಚಬೇಕು. ಕಟ್ಟಿಸಿಕೊಂಡವರು ನೋವಿಗೆ ಕಿರುಚಿದರು. ನೋವಾಗದಿದ್ದರೆ ಬಿಗಿ ಸಾಲದು ಅಂತಲೇ ಅರ್ಥ ಅಂದೆ.

ದೊಡ್ಡವರ ಮೈಯಲ್ಲಿ ಇರುವ ರಕ್ತ ಸುಮಾರು 5 ಲೀಟರ್. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುವಷ್ಟು ಸುರಿದುಹೋಗುತ್ತದೆ. ಅಷ್ಟರಲ್ಲಿ ಆಂಬುಲೆನ್ಸ್ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಯಾರು ಮೊದಲು ಬರುತ್ತಾರೋ ಅವರೇ ನಿಲ್ಲಿಸಬೇಕು. ಈ ಮಾತು ಗಟ್ಟಿಯಾಗಿ ಎದ್ದದ್ದು ಅಮೆರಿಕದಲ್ಲಿ. 2012ರಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಮೇಲೆ, ಸರ್ಜನ್‌ಗಳು, ಪೊಲೀಸರು ಹಾರ್ಟ್‌ಫರ್ಡ್ ಊರಲ್ಲಿ ಸೇರಿ ಯೋಚಿಸಿದರು. 2015ರಲ್ಲಿ ‘ಸ್ಟಾಪ್ ದ ಬ್ಲೀಡ್’ ಅನ್ನುವ ಅಭಿಯಾನ ಶುರುವಾಯಿತು. ಫಿಲಡೆಲ್ಫಿಯಾ ಊರಿನ ಪೊಲೀಸರಂತೂ ಎಷ್ಟೋ ದಶಕಗಳಿಂದ ಗುಂಡೇಟು ತಿಂದವರನ್ನು ತಮ್ಮ ಕಾರಲ್ಲೇ ಆಸ್ಪತ್ರೆಗೆ ಸಾಗಿಸುತ್ತಾರೆ. ನಾನು ಕಲಿಸಿದ ಪಾಠದ ಬೇರು ಅಲ್ಲಿದೆ.

ಅವತ್ತು ಹಿಂದಿನ ಸಾಲಲ್ಲಿದ್ದ ಒಬ್ಬ ಎಎಸ್‌ಐ ಎದ್ದು ಕೇಳಿದರು. "ಸಿಸ್ಟರ್, ಅಲ್ಲಿ ಗುಂಡೇಟು ಜಾಸ್ತಿ. ನಮ್ಮ ಕಡೆ ಟ್ರ್ಯಾಕ್ಟ್ರು, ಬೈಕು ಜಾಸ್ತಿ. ಅದೇ ಪಾಠ ಇಲ್ಲಿಗೂ ಆಯ್ತದಾ?" ನಾನು "ರಕ್ತ ಎಲ್ಲಿದ್ದರೂ ರಕ್ತವೇ ಅಲ್ವಾ ಸರ್" ಅಂದುಬಿಟ್ಟೆ. ಎಲ್ಲರೂ ಒಪ್ಪಿದರು. ಆ ಪ್ರಶ್ನೆಯ ತೂಕ ನನಗೆ ಗೊತ್ತಾದದ್ದು ಈ ಪ್ರಕರಣ ಆದ ಮೇಲೆ.

ಉಸಿರಿನ ದಾರಿಯ ಪಾಠಕ್ಕೆ ಬಂದಾಗ ಒಂದೂವರೆ ಗಂಟೆ. ಎಲ್ಲರಿಗೂ ಹಸಿವು. 20 ನಿಮಿಷದಲ್ಲಿ ಚಿತ್ರ ತೋರಿಸಿ ಮುಗಿಸಿದೆ. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ ಅಂದೆ. ದವಡೆಯನ್ನು ಮುಂದಕ್ಕೆ ತಳ್ಳಬೇಕು ಅಂತ ಗೊಂಬೆಯ ಮೇಲೆ ಒಂದು ಸಲ ಮಾಡಿ ತೋರಿಸಿದೆ. ನೂಕುನುಗ್ಗಲಲ್ಲಿ ಐದಾರು ಜನ ಮಾಡಿದರು. ಮಿಕ್ಕವರು ಊಟಕ್ಕೆ ಎದ್ದರು.

ಇನ್ನೊಂದು ವಿಷಯ. ಜೀಪ್ ಡ್ರೈವರ್‌ಗಳನ್ನು ಕರೆದಿರಲಿಲ್ಲ. ಅವರಿಗೆ ಗಾಡಿ ನೋಡಿಕೊಳ್ಳುವ ಕೆಲಸ, ಇದು ಬೇಡ ಅಂತ ಯಾರೋ ಪಟ್ಟಿಯಿಂದ ಬಿಟ್ಟಿದ್ದರು. ನಾನೂ ಯಾಕೆ ಅಂತ ಕೇಳಲಿಲ್ಲ.

ಹೋಗುವಾಗ ಠಾಣೆಗೆ ಒಂದು ಕಿಟ್ ಕೊಟ್ಟೆವು. ಎರಡು ಟೂರ್ನಿಕೆಟ್, ಗಾಯಕ್ಕೆ ತುಂಬುವ ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಗ್ಲೌಸ್, ಕತ್ತರಿ, ಮಾರ್ಕರ್ ಪೆನ್ನು.

7:47ರಿಂದ 8:11

ಘಟನೆಯಾದ ನಾಲ್ಕನೇ ದಿನ ಇಬ್ಬರ ಜೊತೆ ಠಾಣೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಪ್ರತಿ ನಿಮಿಷವನ್ನೂ ಜೋಡಿಸಿದೆವು. ಜೀಪ್ ತಲುಪಿದ ಸಮಯ 112ರ ಟ್ಯಾಬ್‌ನಲ್ಲಿತ್ತು. ಮಿಕ್ಕಿದ್ದನ್ನು ಹೆಡ್ ಕಾನ್‌ಸ್ಟೇಬಲ್ ಅವರ ಮೊಬೈಲ್ ಫೋಟೊಗಳ ಸಮಯ ಹೇಳಿತು. ಆ ಫೋಟೊಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜೀಪ್ ನಾಲ್ಕು ಕಿಲೋಮೀಟರ್ ದೂರದಲ್ಲಿ ಬೀಟ್‌ನಲ್ಲಿತ್ತು. ಡ್ರೈವರ್ ಮೊದಲ ಕೆಲಸವನ್ನೇ ಚೆನ್ನಾಗಿ ಮಾಡಿದ. ಜೀಪನ್ನು ಅಪಘಾತದ ಹಿಂದೆ ಓರೆಯಾಗಿ ನಿಲ್ಲಿಸಿ, ಮೇಲಿನ ಲೈಟ್ ಹಾಕಿಯೇ ಬಿಟ್ಟ. ಕತ್ತಲಲ್ಲಿ ಹಿಂದಿನಿಂದ ಬರುವ ಇನ್ನೊಂದು ಗಾಡಿ ಗುಂಪಿನ ಮೇಲೆ ನುಗ್ಗಿದ ಪ್ರಕರಣಗಳನ್ನು ನಾನು ಕ್ಯಾಶುವಾಲ್ಟಿಯಲ್ಲಿ ನೋಡಿದ್ದೇನೆ. ಯಾರೂ ಹೇಳಿಕೊಡದೆ ಅವನಿಗೆ ಅದು ಗೊತ್ತಿತ್ತು.

ಮೂವತ್ತು ನಲವತ್ತು ಜನ ಸೇರಿದ್ದರು. ಮಗ ರಸ್ತೆ ಬದಿಯಲ್ಲಿ ಕೂಗಾಡುತ್ತಿದ್ದ. ಟ್ರೇಲರ್‌ನ ಕಬ್ಬಿಣದ ಅಂಚು ಅವನ ಬಲಗಾಲಿನ ಮೀನಖಂಡವನ್ನು ಆಳವಾಗಿ ಸೀಳಿತ್ತು. ಯಾರೋ ಅಂಗಡಿಯಿಂದ ಕಾಫಿ ಪುಡಿ ತಂದು ಸುರಿದಿದ್ದರು. ಅದರ ಮೇಲೆ ಒಂದು ಟವೆಲ್. ಅದು ನೆನೆದ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ತಾಯಿ ಎಂಟು ಹತ್ತು ಅಡಿ ಆಚೆ ಅಂಗಾತ ಬಿದ್ದಿದ್ದರು. ಮಗನ ತಲೆಯಲ್ಲಿ ಹೆಲ್ಮೆಟ್ ಇತ್ತು, ತಾಯಿಯ ತಲೆಯಲ್ಲಿ ಇರಲಿಲ್ಲ. ಅವರ ಮೈಮೇಲೆ ರಕ್ತ ಅಷ್ಟಾಗಿ ಕಾಣುತ್ತಿರಲಿಲ್ಲ. ಜೋರಾಗಿ ಗೊರಕೆ ಹೊಡೆಯುವ ಸದ್ದು ಬರುತ್ತಿತ್ತು.

"ಉಸ್ರು ಐತೆ ಕಣಣ್ಣ, ಗೊರ್ಕೆ ಹೊಡೀತಾವ್ರೆ, ಏನೂ ಆಗಿಲ್ಲ" ಅಂದರಂತೆ ಪಕ್ಕದಲ್ಲಿದ್ದ ಒಬ್ಬರು. ಹೆಡ್ ಕಾನ್‌ಸ್ಟೇಬಲ್ ಅವರಿಗೂ ಹಾಗೇ ಅನ್ನಿಸಿತು.

ಅವರು ಸೀಟಿ ಊದಿ ಜನರನ್ನು ಹಿಂದೆ ಸರಿಸಿದರು. ಮೊಬೈಲ್ ತೆಗೆದರು. 7:48ರಿಂದ 7:50ರ ತನಕ 11 ಫೋಟೊ ತೆಗೆದರು. ಬೈಕ್ ಬಿದ್ದ ರೀತಿ, ಟ್ರೇಲರ್ ನಂಬರ್, ರಸ್ತೆಯ ಮೇಲಿನ ಗುರುತು. ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. 22 ವರ್ಷದ ಸರ್ವಿಸ್‌ನಲ್ಲಿ ಅವರಿಗೆ ಎಲ್ಲರೂ ಹೇಳಿಕೊಟ್ಟದ್ದು ಅದನ್ನೇ. ಗಾಡಿ ಅಲುಗಾಡಿಸಿದರೆ ಮಹಜರು ಕೆಡುತ್ತದೆ, ಮಹಜರು ಕೆಟ್ಟರೆ ಇನ್ಶೂರೆನ್ಸ್ ಪರಿಹಾರ ಕೈತಪ್ಪುತ್ತದೆ, ಆಮೇಲೆ ಅದೇ ಕುಟುಂಬ ಠಾಣೆ ಬಾಗಿಲಿಗೆ ಬಂದು ಅಳುತ್ತದೆ. ಆ ಫೋಟೊಗಳಿಗೆ ಬೆಲೆ ಇದೆ. ಆದರೆ ಎರಡು ನಿಮಿಷಕ್ಕೂ ಬೆಲೆ ಇದೆ.

ಒಬ್ಬ ಹುಡುಗ ಬಂದು ತೋಳು ಹಿಡಿದು ಎಳೆದ. "ಸಾ, ರಕ್ತ ನಿಲ್ತಾನೇ ಇಲ್ಲ ಸಾ."

ಅಲ್ಲಿಂದ ಮುಂದೆ ಅವರು ಮಾಡಿದ ಕೆಲಸವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಮಂಡಿಯೂರಿ ಕೂತು ಮೂರೂ ಟವೆಲ್ ಕಿತ್ತು ಎಸೆದರು. ಟವೆಲ್ ಮೇಲೆ ಟವೆಲ್ ಹಾಕಿದರೆ ರಕ್ತ ನಿಲ್ಲುವುದಿಲ್ಲ, ಬರೀ ಕಾಣದ ಹಾಗೆ ಆಗುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ನೋಡಬೇಕು. ನೋಡಿದರು. ಗ್ಲೌಸ್ ಇರಲಿಲ್ಲ. ಅಂಗಡಿಯವರ ಹತ್ತಿರ ಪ್ಲಾಸ್ಟಿಕ್ ಕವರ್ ಇಸ್ಕೊಂಡು ಎರಡೂ ಕೈಗೆ ಹಾಕಿಕೊಂಡರು. ಒಬ್ಬರ ಒಗೆದ ಪಂಚೆ ಹರಿದು ಗಾಯದ ಆಳಕ್ಕೆ ಬೆರಳಿಂದ ತುಂಬಿ, ಮೈಭಾರ ಬಿಟ್ಟು ಒತ್ತಿದರು. ಡ್ರೈವರ್‌ಗೆ "ಕಿಟ್ ತಗೊಂಡ್ ಬಾರ್ಲಾ" ಅಂದರು.

ಕಿಟ್ ಜೀಪಿನಲ್ಲಿ ಇರಲಿಲ್ಲ. ಠಾಣೆಯ ಬೀರುವಿನಲ್ಲಿತ್ತು. ಬೆಲೆಬಾಳುವ ಸಾಮಾನು, ಕಳೆದುಹೋದರೆ ಯಾರು ಜವಾಬ್ದಾರಿ ಅಂತ ಸ್ಟಾಕ್ ಬುಕ್‌ನಲ್ಲಿ ಬರೆದು ಒಳಗಿಟ್ಟು ಬೀಗ ಹಾಕಿದ್ದರು. ಜೀಪಿನ ಫಸ್ಟ್ ಏಡ್ ಡಬ್ಬದಲ್ಲಿ ಒಣಗಿದ ಮುಲಾಮು, ಹತ್ತಿ, ನಾಲ್ಕು ಬ್ಯಾಂಡ್‌ಏಡ್.

ಒತ್ತಿದರೂ ರಕ್ತ ಬಟ್ಟೆಯ ಪಕ್ಕದಿಂದ ಜಿನುಗುತ್ತಿತ್ತು. ಮೊದಲು ಸೀಟಿಯ ದಾರ ತೆಗೆದು ಕಟ್ಟಲು ಹೋದರು. ಅದು ಸಣ್ಣ, ಮಾಂಸ ಕೊಯ್ಯುತ್ತದೆ ಅಂತ ನೆನಪಾಗಿ ಬಿಟ್ಟರು. ಪಂಚೆಯ ಉಳಿದ ಭಾಗವನ್ನು ಮೂರು ಬೆರಳಗಲಕ್ಕೆ ಮಡಚಿ ಮಂಡಿಯ ಮೇಲೆ, ತೊಡೆಗೆ ಸುತ್ತಿದರು. ಗಂಟಿನೊಳಗೆ ಜೀಪಿನ ಸ್ಕ್ರೂಡ್ರೈವರ್ ಇಟ್ಟು ತಿರುಚಿದರು. ಒಮ್ಮೆ ಜಾರಿತು. ಎರಡನೇ ಸಲ ನಿಂತಿತು. ಸ್ಕ್ರೂಡ್ರೈವರ್ ಬಿಚ್ಚಿಕೊಳ್ಳದಂತೆ ಕಟ್ಟಿ, ಮಗನ ಎಡಗೈ ಮೇಲೆ ಬಾಲ್ ಪೆನ್ನಲ್ಲಿ "ಕಟ್ಟಿದ್ದು 7:54" ಅಂತ ಬರೆದರು.

ಹೀಗೆ ಬಟ್ಟೆ-ಕಡ್ಡಿಯಲ್ಲಿ ಮಾಡಿದ ಕಟ್ಟು ಎಷ್ಟೋ ಸಲ ಸಡಿಲವಾಗುತ್ತದೆ. ಅರ್ಧಂಬರ್ಧ ಬಿಗಿಯಾದರೆ ಇನ್ನೂ ಅಪಾಯ. ಒಳಗೆ ಹೋಗುವ ರಕ್ತ ಹೋಗುತ್ತಲೇ ಇರುತ್ತದೆ, ವಾಪಸ್ ಬರುವ ದಾರಿ ಮಾತ್ರ ಮುಚ್ಚಿ ರಕ್ತಸ್ರಾವ ಜಾಸ್ತಿಯಾಗುತ್ತದೆ. ಅದಕ್ಕೇ ಕೈಯಿಂದ ಒತ್ತುವುದನ್ನು ಬಿಟ್ಟು ಇದಕ್ಕೆ ಓಡಬಾರದು. ಅವರು ಹಾಗೆ ಮಾಡಲಿಲ್ಲ. ಕಟ್ಟುವಷ್ಟು ಹೊತ್ತೂ ಆ ಹುಡುಗನ ಕೈಯನ್ನು ಗಾಯದ ಮೇಲೆ ಒತ್ತಿಸಿ ಇಟ್ಟಿದ್ದರು.

7:55ಕ್ಕೆ ತಲೆ ಎತ್ತಿ ತಾಯಿಯ ಕಡೆ ನೋಡಿದರು. ಒಬ್ಬ ಹೆಂಗಸು ಅವರ ತಲೆ ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಬಾಯಿಗೆ ನೀರು ಬಿಡಲು ಹೋಗುತ್ತಿದ್ದರು. ಇನ್ನೊಬ್ಬರು ಬೀಗದ ಕೈ ಹಿಡಿಸಿದ್ದರು. ಸದ್ದು ಬದಲಾಗಿತ್ತು. ಗೊರಕೆ ಒಂದು ಕ್ಷಣ ನಿಲ್ಲುವುದು, ಎದೆ ಎದ್ದು ಒದ್ದಾಡುವುದು, ಮತ್ತೆ ಗೊರ್ ಅನ್ನುವುದು.

"ನೀರ್ ಬ್ಯಾಡ ಕಣವ್ವಾ! ತಲೆ ಕೆಳಗೆ ಮಡಗು, ಮೆತ್ತಗೆ ಮಡಗು!"

ಆಗ ಅವರಿಗೆ ನನ್ನ ಚಿತ್ರ ನೆನಪಾಯಿತಂತೆ. ಆದರೆ ಅವರ ಎರಡೂ ಕೈ ಮಗನ ಕಾಲಿನ ಮೇಲೆ. ಡ್ರೈವರ್‌ಗೆ ಹೇಳುತ್ತಾ ಹೋದರು. ಅವನು ತಲೆಯ ಹಿಂದೆ ಮೊಣಕಾಲೂರಿ, ಮೊಣಕೈ ನೆಲಕ್ಕೆ ಕೊಟ್ಟು, ಎರಡೂ ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಗೆ ಬೆರಳು ಸಿಕ್ಕಿಸಿ, ಕುತ್ತಿಗೆ ಅಲುಗಿಸದೆ ದವಡೆಯನ್ನು ಮೇಲಕ್ಕೆ ಎತ್ತಿದ. ಮೊದಲ ಸಲಕ್ಕೆ ಆಗಲಿಲ್ಲ. "ಇನ್ನೂ ಜೋರಾಗಿ, ನೋವಾದ್ರೂ ಪರವಾಗಿಲ್ಲ." ಗೊರಕೆ ನಿಂತಿತು. ಉಸಿರು ಸದ್ದಿಲ್ಲದೆ ಬರತೊಡಗಿತು. 7:57 ಇರಬೇಕು. ಆ ಡ್ರೈವರ್‌ಗೆ 27 ವರ್ಷ. ತರಬೇತಿಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಎಂಟು ಗಂಟೆಗೆ ತಾಯಿ ವಾಂತಿ ಮಾಡತೊಡಗಿದರು. ಅಂಗಾತ ಇದ್ದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಕ್ಷಣ ಪಕ್ಕಕ್ಕೆ ಹೊರಳಿಸಬೇಕು. ತಲೆ, ಭುಜ, ಸೊಂಟ ಒಂದೇ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಬೇಕು. ಕಡಿಮೆ ಅಂದರೆ ಇನ್ನೂ ಮೂರು ಜನ ಬೇಕು. ಕರೆದರೆ ಯಾರೂ ಬರಲಿಲ್ಲ. ಗಂಡಸರು ಹೆಂಗಸಿನ ಮೈ ಮುಟ್ಟಲು ಹಿಂಜರಿದರು. ಮಿಕ್ಕವರಿಗೆ ಕೋರ್ಟಿನ ಭಯ.

ಆಗ ಹೆಡ್ ಕಾನ್‌ಸ್ಟೇಬಲ್ ಹೇಳಿದ ಮಾತನ್ನು ನಾನು ಈಗ ಪ್ರತಿ ತರಬೇತಿಯಲ್ಲೂ ಹೇಳಿಸುತ್ತೇನೆ. "ಯಾರ ಹೆಸ್ರೂ ಬರ್ಕೊಳಲ್ಲ, ಯಾರ್ನೂ ಸ್ಟೇಷನ್‌ಗೆ ಕರೆಯಲ್ಲ. ನಾನ್ ಹೇಳ್ತಾ ಇವ್ನಿ. ಬನ್ನಿ!"

ಕಾನೂನು ಇದನ್ನೇ ಹೇಳುತ್ತದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಗೆ ಇದ್ದ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ನಮ್ಮ ಕರ್ನಾಟಕ ಇದಕ್ಕಾಗಿಯೇ 2016ರ ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವಿಗೆ ಸಹಾಯ ಮಾಡಿದವರು ತಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಆದರೆ ಇವೆಲ್ಲ ಊರ ಜನಕ್ಕೆ ಗೊತ್ತಾಗುವುದು ಹೇಗೆ? ಗೋಡೆಯ ಮೇಲಿನ ಪೋಸ್ಟರ್‌ಗಿಂತ ಖಾಕಿ ಹಾಕಿದವರು ರಸ್ತೆಯಲ್ಲಿ ನಿಂತು ಬಾಯಿ ಬಿಟ್ಟು ಹೇಳಿದರೆ ಜನ ನಂಬುತ್ತಾರೆ.

ಮುಂದೆ ಬಂದವರು ಊರಿನವರಲ್ಲ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು. "ಏನ್ ಮಾಡ್ಬೇಕ್ರೀ, ಹೇಳ್ರಿ" ಅಂದರಂತೆ. ಅವರ ಹಿಂದೆ ನೀರು ಕೊಡಲು ಹೋಗಿದ್ದ ಹೆಂಗಸೂ ಬಂದರು. ಡ್ರೈವರ್ ತಲೆ ಹಿಡಿದು "ಒಂದು, ಎರಡು, ಮೂರು" ಅಂದ. ನಾಲ್ವರೂ ಒಟ್ಟಿಗೆ ಹೊರಳಿಸಿದರು. ಬಾಯಿ ಒರೆಸಿದರು. ಕಬ್ಬಿನ ಹೆಣ್ಣುಮಗಳೊಬ್ಬಳು ತನ್ನ ಕಂಬಳಿ ತಂದು ಹೊದಿಸಿದಳು. ರಕ್ತ ಹೋದವರ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ಅವಳಿಗೆ ಆ ಕಾರಣ ಗೊತ್ತಿರಲಿಕ್ಕಿಲ್ಲ. ಡಿಸೆಂಬರ್ ಚಳಿ ಗೊತ್ತಿತ್ತು.

ಜೀಪಿನಲ್ಲೇ ಹಾಕಿಕೊಂಡು ಹೋಗಿ ಅಂತ ಜನ ಕೂಗುತ್ತಿದ್ದರು. ಬರೀ ಮಗ ಆಗಿದ್ದರೆ, ರಕ್ತ ನಿಲ್ಲದೇ ಇದ್ದಿದ್ದರೆ, ನಾನೂ ಅದನ್ನೇ ಹೇಳುತ್ತಿದ್ದೆ. ಫಿಲಡೆಲ್ಫಿಯಾದ ಲೆಕ್ಕ ಅಲ್ಲಿ ಸರಿ. ಆದರೆ ಜೀಪಿನ ಹಿಂದಿನ ಸೀಟಿನಲ್ಲಿ ಆ ತಾಯಿಯ ದವಡೆ ಹಿಡಿಯಲು ಜಾಗವಿಲ್ಲ. ಕುತ್ತಿಗೆಗೆ ಪೆಟ್ಟಾಗಿದ್ದರೆ ಮಡಚಿ ಕೂರಿಸುವುದೇ ಕುತ್ತು. 108 ಹತ್ತು ನಿಮಿಷದಲ್ಲಿ ಬರುತ್ತದೆ ಅಂತ ಗೊತ್ತಾಗಿತ್ತು. ಕಾದರು. ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ.

ಆಂಬುಲೆನ್ಸ್ ಬಂದಾಗ ಎಲ್ಲರ ಬಾಯಲ್ಲೂ ಮಗನ ಕಾಲಿನ ಮಾತೇ. ಕಟ್ಟಿದ ಸಮಯ ಕೈಮೇಲೆ ಇತ್ತು, ಒಳ್ಳೆಯದಾಯಿತು. ಆದರೆ ತಾಯಿ ಎಷ್ಟು ಹೊತ್ತು ಗೊರಕೆ ಹೊಡೆದರು, ಯಾವಾಗ ವಾಂತಿ ಮಾಡಿದರು ಅನ್ನುವುದನ್ನು ಯಾರೂ ಹೇಳಲಿಲ್ಲ. ಕೇಳುವವರೂ ಕೇಳಲಿಲ್ಲ.

ಏನಾಯಿತು

ಮಗನಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಕಾಲು ಉಳಿಯಿತು. ಕಟ್ಟು ಹಾಕಿ ಎರಡು ಗಂಟೆ ಆಗುವ ಮುಂಚೆಯೇ ಸರ್ಜನ್ ಕೈಗೆ ಸಿಕ್ಕಿದ್ದರಿಂದ ಮಾಂಸಕ್ಕೆ ತೊಂದರೆ ಆಗಲಿಲ್ಲ.

ತಾಯಿ ಆರನೇ ದಿನ ತೀರಿಕೊಂಡರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು.

ನಾನು ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಮಾತಾಡಿದೆ. ಹತ್ತು ನಿಮಿಷ ಮುಂಚೆ ದವಡೆ ಎತ್ತಿದ್ದರೆ ಬದುಕುತ್ತಿದ್ದರಾ ಅಂತ ನೇರವಾಗಿ ಕೇಳಿದೆ. ಪೆಟ್ಟು ತುಂಬಾ ದೊಡ್ಡದಿತ್ತು, ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು ಅಂದರು. ಪೆಟ್ಟು ಬಿದ್ದ ಮೆದುಳಿಗೆ ಆಮ್ಲಜನಕ ಕಡಿಮೆಯಾದರೆ ಎರಡನೇ ಪೆಟ್ಟು ಬಿದ್ದ ಹಾಗೆ. ಇದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಜೀಪ್ ಬಂದ 7:47ರಿಂದ 7:57ರ ತನಕ ಆ ತಾಯಿಯ ಗಂಟಲು ಅರ್ಧ ಮುಚ್ಚಿತ್ತು.

11 ಫೋಟೊಗಳಲ್ಲಿ ಮೂರನೆಯದರ ಮೂಲೆಯಲ್ಲಿ ಅವರು ಕಾಣುತ್ತಾರೆ. ಅಂಗಾತ ಮಲಗಿದ್ದಾರೆ, ಬಾಯಿ ತೆರೆದಿದೆ. ಹೆಡ್ ಕಾನ್‌ಸ್ಟೇಬಲ್ ಆ ಫೋಟೊವನ್ನು ನನಗೆ ತೋರಿಸಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸದ್ದು ಕೇಳ್ತಾ ಇತ್ತು ಸಿಸ್ಟರ್. ನಿದ್ದೆ ಮಾಡೋರು ಹಂಗೇ ಅಲ್ವಾ ಗೊರ್ಕೆ ಹೊಡೆಯೋದು ಅನ್ಕಂಡೆ" ಅಂದರು.

ತಪ್ಪು ಅವರದಲ್ಲ. ನಾಲಿಗೆ ಜಾರಿ ಗಂಟಲು ಮುಚ್ಚುತ್ತದೆ ಅಂತ ಚಿತ್ರದಲ್ಲಿ ತೋರಿಸಿದ್ದೆ. ಆಗ ಬರುವ ಸದ್ದನ್ನು ಕೇಳಿಸಿರಲಿಲ್ಲ. ಪೆಟ್ಟು ಬಿದ್ದವರ ಗೊರಕೆ ನಿದ್ದೆಯಲ್ಲ, ಉಸಿರುಗಟ್ಟುತ್ತಿರುವುದರ ಗುರುತು ಅನ್ನುವ ಒಂದು ವಾಕ್ಯವನ್ನು ಸಹ ಗಟ್ಟಿಯಾಗಿ ಹೇಳಿರಲಿಲ್ಲ. ಗುಂಡೇಟಿಗೆ ಹೊಂದಿಸಿದ ಪಾಠವನ್ನು ಹಾಗೇ ತಂದು ಎರಡು ಗಂಟೆ ಕುಂಕುಮದ ನೀರಲ್ಲಿ ಕಳೆದೆ. ನಮ್ಮ ರಸ್ತೆಗಳಲ್ಲಿ ಹೆಲ್ಮೆಟ್ ಇಲ್ಲದೆ ಹಿಂದೆ ಕೂತ ಅಮ್ಮಂದಿರು, ಅಜ್ಜಿಯರು ತಲೆಗೆ ಪೆಟ್ಟು ಮಾಡಿಕೊಂಡು ರಕ್ತವಿಲ್ಲದೆ, ಕೂಗಿಲ್ಲದೆ ಬಿದ್ದಿರುತ್ತಾರೆ. 17 ವರ್ಷ ಅವರನ್ನು ಟ್ರಾಲಿಯ ಮೇಲೆ ನೋಡಿದವಳು ನಾನು. ನನಗೆ ಅದು ನೆನಪಿರಬೇಕಿತ್ತು. ಆ ಎಎಸ್‌ಐ ಕೇಳಿದ್ದು ಇದನ್ನೇ. ನಾನು ಉತ್ತರ ಕೊಡುವ ಆತುರದಲ್ಲಿ ಪ್ರಶ್ನೆ ಕೇಳಿಸಿಕೊಳ್ಳಲಿಲ್ಲ.

ಏನು ಬದಲಾಯಿತು

ಕಿಟ್ ವಿಷಯ ಬೇಗ ಬಗೆಹರಿಯಿತು. ಅದನ್ನು ಠಾಣೆಯ ಸ್ಟಾಕ್ ಬುಕ್‌ನಿಂದ ತೆಗೆದು ಜೀಪಿನ ಲಾಗ್ ಬುಕ್‌ಗೆ ಬರೆದರು. ಈಗ ಡ್ಯೂಟಿ ಬದಲಾಗುವಾಗ ಡೀಸೆಲ್, ಕಿಲೋಮೀಟರ್ ನೋಡುವ ಹಾಗೆ ಕಿಟ್‌ನ ಸೀಲನ್ನೂ ನೋಡಿ ಸಹಿ ಹಾಕುತ್ತಾರೆ. ಅದು ಮುಂದಿನ ಸೀಟಿನ ಹಿಂಬದಿಗೆ ಬೆಲ್ಟ್ ಹಾಕಿ ಕಟ್ಟಿದೆ. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಬೀರುವಿನ ಬೀಗ ತೆಗೆಯುವ ಮನಸ್ಸು ಬೇಕಿತ್ತು, ಅಷ್ಟೇ.

ಡ್ರೈವರ್‌ಗಳನ್ನು ಬಿಟ್ಟು ತರಬೇತಿ ಮಾಡುವುದಿಲ್ಲ. ಒಂದು ಜೀಪಿನವರು ಒಟ್ಟಿಗೇ ಬರಬೇಕು. ಇದಕ್ಕೆ ಡ್ಯೂಟಿ ಹೊಂದಿಸುವುದು ಕಷ್ಟ ಅಂತ ಇನ್‌ಸ್ಪೆಕ್ಟರ್‌ಗಳು ಹೇಳುತ್ತಾರೆ, ಅದು ನಿಜವೂ ಹೌದು. ದಸರಾ ಬಂದೋಬಸ್ತು ಇರುವ ತಿಂಗಳು ಯಾರೂ ಸಿಗುವುದಿಲ್ಲ. ಆದ್ದರಿಂದ ಎಂಟೆಂಟು ಜನರ ಚಿಕ್ಕ ಗುಂಪು ಮಾಡಿ, ಠಾಣೆಗೇ ಹೋಗಿ, ರೋಲ್ ಕಾಲ್ ಆದ ಮೇಲೆ ಒಂದೂವರೆ ಗಂಟೆ ಮಾಡುತ್ತೇವೆ. ಮೂರು ತಿಂಗಳಿಗೆ ಮತ್ತೆ ಹೋಗುತ್ತೇವೆ. ಕೈ ಕಲಿತದ್ದು ಕೆಲವು ತಿಂಗಳಲ್ಲಿ ಮಾಸುತ್ತದೆ. ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ ತಯಾರಾಗಿ ಬಂದ ಪಿಎಸ್‌ಐ ಒಬ್ಬರು, ಅಲ್ಲಿ ಕಲಿತದ್ದು ಈಗ ಪರೀಕ್ಷೆಗೆ ಓದಿದ ಹಾಗೆ ಮರೆತುಹೋಗಿದೆ ಅಂತ ತಾವೇ ಹೇಳಿದರು.

ಫೋಟೊ ತೆಗೆಯಬೇಡಿ ಅಂತ ನಾನು ಹೇಳಿಲ್ಲ, ಹೇಳಿದರೂ ನಡೆಯುವುದಿಲ್ಲ. ಹೆಡ್ ಕಾನ್‌ಸ್ಟೇಬಲ್ ಅವರೇ ದಾರಿ ಕಂಡುಹಿಡಿದರು. ಜೀಪಿನಿಂದ ಇಳಿದ ಜಾಗದಲ್ಲೇ ನಿಂತು ಇಡೀ ಜಾಗದ ಒಂದೇ ಒಂದು ಫೋಟೊ. ಆಮೇಲೆ ಮೊಬೈಲ್ ಜೇಬಿಗೆ. ಗಾಯಾಳುಗಳು ಹೋದ ಮೇಲೆ ಮಿಕ್ಕಿದ್ದು. ಆ ಒಂದು ಫೋಟೊದಲ್ಲಿ ಎಷ್ಟು ಜನ ಬಿದ್ದಿದ್ದಾರೆ ಅಂತ ಎಣಿಸಿಬಿಡುತ್ತೇನೆ ಸಿಸ್ಟರ್ ಅಂದರು. ಇದು ನನಗೆ ಹೊಳೆದಿರಲಿಲ್ಲ. ಸುಮ್ಮನೆ ಬಿದ್ದವರು ಎಣಿಕೆಯಲ್ಲಾದರೂ ಸಿಗುತ್ತಾರೆ.

ಆಂಬುಲೆನ್ಸ್‌ನವರಿಗೆ ಒಪ್ಪಿಸುವಾಗ ನಾಲ್ಕು ಮಾತು ಹೇಳಿಸುತ್ತೇನೆ. ಹೇಗೆ ಆಯ್ತು, ಎಲ್ಲಿ ಪೆಟ್ಟು, ಈಗ ಹೇಗಿದ್ದಾರೆ, ನಾವೇನು ಮಾಡಿದ್ವಿ. ಒಬ್ಬೊಬ್ಬ ಗಾಯಾಳುವಿಗೂ ಬೇರೆ ಬೇರೆಯಾಗಿ. ಮಾತಾಡದೆ ಬಿದ್ದವರದು ಮೊದಲು.

ಆಸ್ಪತ್ರೆ ಖರ್ಚಿನ ಪ್ರಶ್ನೆ ಪ್ರತಿ ಸಲ ಬರುತ್ತದೆ. ದುಡ್ಡಿಲ್ಲದವರನ್ನು ಎಲ್ಲಿ ಸೇರಿಸೋದು ಅಂತ ಪೊಲೀಸರು ಚಿಂತೆ ಮಾಡುತ್ತಾರೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದನ್ನೂ ಹೇಳಿಬಿಡುತ್ತೇನೆ.

ಮಾರ್ಚ್‌ನಲ್ಲಿ ಆ ಮಗ ಕೋಲೂರಿಕೊಂಡು ಠಾಣೆಗೆ ಬಂದಿದ್ದನಂತೆ. ಹೆಡ್ ಕಾನ್‌ಸ್ಟೇಬಲ್ ಅವರನ್ನು ಕೇಳಿದ್ದು ಒಂದೇ ಮಾತು. "ಅವ್ವ ಏನಾರಾ ಮಾತಾಡುದ್ಲಾ ಸಾ?" ಇಲ್ಲ ಅಂದರು. ಆಮೇಲೆ ಡ್ರೈವರ್‌ನನ್ನು ಕರೆದು, ಇವ್ನು ನಿಮ್ಮವ್ವನ ತಲೆ ಕೈಬಿಡ್ದೆ ಹಿಡ್ಕೊಂಡಿದ್ದ ಅಂತ ತೋರಿಸಿದರು. ಮಗ ಡ್ರೈವರ್‌ನ ಎರಡೂ ಕೈ ಹಿಡಿದುಕೊಂಡು ನಿಂತನಂತೆ.

ಈಗ ನನ್ನ ಪಾಠ ರಕ್ತದಿಂದ ಶುರುವಾಗುವುದಿಲ್ಲ. ಎಲ್ಲರನ್ನೂ ಕಣ್ಣು ಮುಚ್ಚಿ ಕೂರಲು ಹೇಳುತ್ತೇನೆ. ಕಳೆದ ತಿಂಗಳ ತರಬೇತಿಗೆ ಆ ಹೆಡ್ ಕಾನ್‌ಸ್ಟೇಬಲ್ ತಾವಾಗಿಯೇ ಬಂದರು. ಯೂನಿಫಾರ್ಮ್‌ನಲ್ಲೇ ನೆಲದ ಮೇಲೆ ಅಂಗಾತ ಮಲಗಿ ಜೋರಾಗಿ ಗೊರಕೆ ಹೊಡೆದರು. ಹೊಸ ಹುಡುಗರು ಕಿಸಕ್ಕನೆ ನಕ್ಕರು. ಅವರು ನಿಲ್ಲಿಸಲಿಲ್ಲ. ನಡುನಡುವೆ ಉಸಿರು ಕಟ್ಟಿ, ಎದೆ ಎತ್ತಿ ಒದ್ದಾಡಿ, ಮತ್ತೆ ಗೊರಕೆ. ನಗು ನಿಂತಿತು. ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಆ ಡ್ರೈವರ್ ಎದ್ದು ಬಂದ. ತಲೆಯ ಹಿಂದೆ ಮೊಣಕಾಲೂರಿದ. ಎರಡೂ ಕಿವಿಯ ಕೆಳಗೆ ಬೆರಳು ಸಿಕ್ಕಿಸಿ ದವಡೆ ಎತ್ತಿದ. ಸದ್ದು ನಿಂತಿತು.